ಎರಡು ಟಕ್

ಮೂರ್‌ಹೆಡ್
ನವೆಂಬರ್ ೧೬, ೧೯೯೭
ಭಾನುವಾರ, ಮಧ್ಯಾಹ್ನದ ಊಟದ ಮೇಲೆ

ನನ್ನ ಅಮ್ಮನಿಗೆ,

ಅಕ್ಷರ ನೋಡಿ ಗಾಬರಿ ಬೀಳಬೇಡ. ಅಕ್ಷರ ವೆಂಡಿಯದು, ಮಾತು ನನ್ನದು. ನನ್ನ ಬಲಗೈ ಸ್ವಲ್ಪ ಉಳುಕಿದೆ. ಸ್ವಲ್ಪವೇ. ಅದಕ್ಕೆ ನಾನು ಹೇಳ್ತಾ ಹೋಗ್ತೀನಿ, ಅವಳು ಬರೀತಾ ಹೋಗ್ತಾಳೆ. ಹೇಳಿದ್ದನ್ನು ಬಿಡಬಾರದು, ಹೇಳದ್ದನ್ನು ಸೇರಿಸಬಾರದು, ಇದು ಒಪ್ಪಂದ. ಬದಲಿಗೆ ಅವಳ ಇಂಗ್ಲಿಷ್ ಪ್ರಬಂಧದ ಕಾಮಾಗಳನ್ನೆಲ್ಲ ನಾನು ಸರಿ ಮಾಡಿಕೊಡಬೇಕು.

ವೆಂಡಿ ಕ್ರೌಸ್ ಯಾರು ಅಂತ ನಿನಗೆ ನೆನಪಿರುತ್ತೆ. ಆಗಸ್ಟಿನಲ್ಲಿ ನೀನು ನನ್ನನ್ನು ಬಿಡೋಕೆ ಬಂದಾಗ ರೂಮಿನ ಇನ್ನೊಂದು ಮಂಚದ ಮೇಲೆ ಬೂಟು ಹಾಕ್ಕೊಂಡೇ ಮಲಗಿದ್ದಳಲ್ಲ, ಅವಳೇ. ನಾರ್ತ್ ಡಕೋಟದಲ್ಲಿ ನಪೋಲಿಯನ್ ಅನ್ನೋ ಊರಿನ ಹತ್ತಿರ ಅವಳ ಅಪ್ಪನ ಹೊಲ. ಹನ್ನೊಂದನೇ ವರ್ಷಕ್ಕೇ ಟ್ರ್ಯಾಕ್ಟರ್ ಓಡಿಸಿದವಳು. ನೀನು ಅವಳ ಬೂಟು ನೋಡಿ ಮುಖ ಸಿಂಡರಿಸಿದ್ದೆ. (ಇದನ್ನ ಬರೀಬೇಡ ಅಂದೆ. "ಒಪ್ಪಂದ ಅಂದ್ರೆ ಒಪ್ಪಂದ ಕಣೇ" ಅಂತ ಬರೀತಿದಾಳೆ.)

ಫೋನ್ ಯಾಕೆ ಮಾಡಲಿಲ್ಲ ಅಂತ ಕೇಳ್ತೀಯ. ಈಗ ಸಕ್ಕರೆ ಬೀಟ್‌ರೂಟ್ ಕೊಯ್ಲಿನ ಸೀಸನ್. ನೀನು ಸಕ್ಕರೆ ಫ್ಯಾಕ್ಟರಿಯಲ್ಲಿ ಹನ್ನೆರಡು ಗಂಟೆ ನಿಂತು ಬಂದಿರ್ತೀಯ, ಅಪ್ಪ ಟ್ರಕ್ಕಿನಲ್ಲಿರ್ತಾರೆ. ಇದು ನಿಜವಾದ ಕಾರಣ ಅಲ್ಲ, ಆದ್ರೆ ಕಾರಣ ಹೌದು. ನಿಜವಾದ್ದು ಏನಂದ್ರೆ ಫೋನಿನಲ್ಲಿ ನಾನು ಅತ್ತುಬಿಡ್ತೀನಿ, ಅಷ್ಟರಲ್ಲಿ ನೀನು ಕಾರಿನ ಕೀ ಹುಡುಕೋಕೆ ಶುರು ಮಾಡಿರ್ತೀಯ. ಕಾಗದದಲ್ಲಿ ಇಬ್ಬರಿಗೂ ಸ್ವಲ್ಪ ಟೈಮ್ ಸಿಗುತ್ತೆ.

ಓದು ಚೆನ್ನಾಗಿ ನಡೀತಿದೆ. ಸಮಾಜಶಾಸ್ತ್ರದಲ್ಲಿ ಬಿ ಪ್ಲಸ್. ಊಟ ಪರವಾಗಿಲ್ಲ. ಬುಧವಾರ ಕ್ನೆಫ್ಲಾ ಸೂಪ್ ಇರುತ್ತೆ, ವೆಂಡಿಯ ಮನೆಯವರಂಥ ಜರ್ಮನ್ ಮೂಲದವರ ಅಡಿಗೆ. ಅದರ ಹಿಟ್ಟಿನುಂಡೆ ನೋಡಿ ವೆಂಡಿ "ಇದನ್ನ ನಮ್ಮಜ್ಜಿ ನಾಯಿಗೂ ಹಾಕ್ತಿರಲಿಲ್ಲ" ಅಂತಾಳೆ, ಆಮೇಲೆ ಮೂರು ಬಟ್ಟಲು ತಿಂತಾಳೆ. ನೆಲದ ಮೇಲೆ ಹಿಮ ಇನ್ನೂ ಕೂತಿಲ್ಲ, ಬರೀ ಗಾಳಿ.

ಅಮ್ಮ, ಉಳುಕಿದೆ ಅಂದೆನಲ್ಲ. ಮುರಿದಿದೆ. ಮಣಿಕಟ್ಟು. ಆರು ವಾರ ಪ್ಲಾಸ್ಟರ್.

ಈಗ ನೀನು ಎದ್ದು ನಿಂತಿರ್ತೀಯ. ದಯವಿಟ್ಟು ಕೂತ್ಕೋ. ಆಗಸ್ಟಿನಲ್ಲಿ ಕಾರು ಹತ್ತುವಾಗ ನೀನು ಹೇಳಿದ್ದು ನನಗೆ ಬಾಯಿಪಾಠ ಆಗಿದೆ: "ಒಂದೇ ಒಂದು ಸಲ ಬಿದ್ದೆ ಅಂತ ಗೊತ್ತಾಗ್ಲಿ ಸಿಗ್ಗಿ, ಅವತ್ತೇ ಬಂದು ಕರ್ಕೊಂಡು ಹೋಗ್ತೀನಿ, ಕಾಲೇಜೂ ಬೇಡ ಏನೂ ಬೇಡ." ಅದಕ್ಕೇ ಎಂಟು ದಿನ ಸುಮ್ಮನಿದ್ದೆ. ಈಗ ಹೇಳ್ತಿರೋದು ಧೈರ್ಯ ಬಂದಿದೆ ಅಂತಲ್ಲ. ಈ ಗುರುವಾರ ಒಂದು ಫಾರಂಗೆ ಸಹಿ ಹಾಕಬೇಕು. ಹಾಕಬೇಕೋ ಬೇಡವೋ ನನಗೆ ಗೊತ್ತಾಗ್ತಿಲ್ಲ. ನನ್ನ ಕೈ ನನಗಿಂತ ಚೆನ್ನಾಗಿ ಗೊತ್ತಿರೋದು ನಿನಗೆ ಒಬ್ಬಳಿಗೇ.

ಫಾರಂ ಕೊಟ್ಟವರು ಮಿಸ್ ರೆನರ್. ಅಂಗವಿಕಲ ವಿದ್ಯಾರ್ಥಿಗಳನ್ನು ನೋಡಿಕೊಳ್ಳೋ ಆಫೀಸಿನವರು, ಯಾರ ಗಾಲಿಕುರ್ಚಿ ಹೇಗಿರಬೇಕು ಅಂತ ನಿರ್ಧರಿಸೋರೂ ಅವರೇ. ಕೆಟ್ಟವರಲ್ಲ. ಮಾತಾಡೋವಾಗ ಟೇಬಲ್ ಮೇಲಿನ ಪೆನ್ಸಿಲ್‌ಗಳನ್ನ ಸಾಲಾಗಿ ಜೋಡಿಸ್ತಾರೆ, ಅಷ್ಟೇ. ಫಾರಂನಲ್ಲಿ ಇರೋದು ಇಷ್ಟು: ಅಪಘಾತಕ್ಕೆ ನನ್ನ ಕೈಯ ಅನಿಯಂತ್ರಿತ ಚಲನೆ ಕಾರಣ ಅಂತ ನಾನು ಒಪ್ಪಿದ್ದೇನೆ. ಒಪ್ಪಿದರೆ ನನ್ನ ಮೋಟರ್ ಕುರ್ಚಿಯನ್ನ ಓಡಿಸೋ ಸ್ಟಿಕ್ಕನ್ನ ಕೈ ಇಡೋ ಜಾಗದಿಂದ ಬಿಚ್ಚಿ ಬೆನ್ನಿನ ಹಿಂದಕ್ಕೆ ಹಾಕ್ತಾರೆ. ಓಡಿಸೋದು ಹಿಂದೆ ನಿಂತವರು. ನಾನು ಮುಂದೆ ಕೂತಿರ್ತೀನಿ, ಮೂಟೆ ಥರ. ಹಿಂದೆ ನಿಲ್ಲೋಕೆ ದಿನವಿಡೀ ಜನ ಕೊಡೋಕೆ ಹಾಸ್ಟೆಲ್ಲಿಗೆ ಆಗಲ್ಲ. ಅಂದ್ರೆ ಕ್ರಿಸ್‌ಮಸ್‌ಗೆ ಗಂಟುಮೂಟೆ ಕಟ್ಟಿ ಮನೆಗೆ. ನೀನು ಬಂದು ಕರ್ಕೊಂಡು ಹೋಗೋ ಕೆಲಸವೂ ಇಲ್ಲ, ಅವರೇ ಕಳಿಸ್ತಾರೆ. ಒಪ್ಪದಿದ್ದರೆ "ಹಾಗಾದ್ರೆ ಕಾರಣ ಏನು, ಹೇಳು" ಅಂತಾರೆ. ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದಕ್ಕೆ ಫಾರಂನಲ್ಲಿ ಜಾಗ ಇಲ್ಲ.

ನಡೆದದ್ದನ್ನ ಮೊದಲಿಂದ ಹೇಳ್ತೀನಿ. ಕ್ರಮವಾಗಿ ಹೇಳಿದ್ರೆ ತಾನಾಗೇ ಗೊತ್ತಾಗುತ್ತೆ ಅಂತ ಮಿಸ್ ರೆನರ್ ಅಂದ್ರು. ನನಗೆ ಮೂರು ಸಲ ಹೇಳಿದ್ರೂ ಆಗಿಲ್ಲ.

ಕಳೆದ ಶನಿವಾರ, ಎಂಟನೇ ತಾರೀಖು, ಇಲ್ಲಿಯ ಲೂಥರನ್ ಚರ್ಚಿನಲ್ಲಿ ಲೂಟ್‌ಫಿಸ್ಕ್ ಮೀನಿನ ಊಟ. ನಾಲ್ಕು ಗಂಟೆಗೇ ಶುರು. ನಾನು ವೆಂಡಿಯನ್ನ ಎಳ್ಕೊಂಡು ಹೋದೆ. ಮೀನನ್ನ ಸೋಪಿನ ನೀರಲ್ಲಿ ನೆನೆಹಾಕಿ ತಿನ್ನೋ ಜನ ನೀವು ನಾರ್ವೆಯವರು ಮಾತ್ರ ಅಂತ ದಾರಿಯುದ್ದಕ್ಕೂ ಆಡಿಕೊಂಡಳು. ಬಂದದ್ದು ಲೆಫ್ಸಾ ರೊಟ್ಟಿಗೋಸ್ಕರ. ನಾನು ಹೋದದ್ದು ವಾಸನೆಗೋಸ್ಕರ. ಆ ಬೆಣ್ಣೆ ವಾಸನೆ ಬಂದರೆ ಅಜ್ಜಿ ಮನೆ ಅನ್ನಿಸುತ್ತೆ. ಮನೆ ನೆನಪಾಗ್ತಿತ್ತು ಅಮ್ಮ. ಅಷ್ಟು ಹೇಳಿದ್ರೆ ಸಾಕು.

ನಮ್ಮೂರಿನ ಹಾಗೇ ಇಲ್ಲೂ. ಚೀಟಿ ತಗೊಂಡು ಮೇಲೆ ಪ್ರಾರ್ಥನೆ ಹಾಲಿನ ಬೆಂಚಲ್ಲಿ ಕೂತಿರಬೇಕು, ನಂಬರ್ ಕೂಗಿದಾಗ ಕೆಳಗೆ ಊಟಕ್ಕೆ ಹೋಗಬೇಕು. ಅಲ್ಲಿವರೆಗೆ ಯಾರೋ ಪಿಯಾನೋ ಬಾರಿಸ್ತಿರ್ತಾರೆ, ಎಲ್ಲ ಹಾಡ್ತಿರ್ತಾರೆ. ನಮ್ಮ ನಂಬರ್ ೨೧೪, ಕೂಗ್ತಿದ್ದದ್ದು ನೂರಾ ಅರವತ್ತೇನೋ. ಕೂಗ್ತಿದ್ದವರು ಓರ್ಫಾ ಬಾಕೆನ್ ಅಂತ, ಎಪ್ಪತ್ನಾಲ್ಕು ವರ್ಷದ ಅಜ್ಜಿ, ಮುಂದೆ ವೇದಿಕೆಯ ಕಟಕಟೆ ಹತ್ತಿರ ಪಟ್ಟಿ ಹಿಡಿದು ನಿಂತಿದ್ದರು.

ಒಂದು ವಿಷಯ ಹೇಳಲೇಬೇಕು. ಈ ಊರು ಹೇಗೆ ಅಂದ್ರೆ, ಒಂದು ಗೋಲಿ ಇಟ್ರೆ ವಾರವಾದ್ರೂ ಅಲ್ಲೇ ಇರುತ್ತೆ. ಅಷ್ಟು ಮಟ್ಟಸ. ಇಡೀ ಊರಲ್ಲಿ ಇಳಿಜಾರು ಅಂತ ಇದ್ರೆ ಆ ಚರ್ಚಿನ ಒಳಗೆ. ಹಿಂದಿನ ಸಾಲಿನವರಿಗೂ ಪಾದ್ರಿ ಕಾಣಲಿ ಅಂತ ನೆಲವನ್ನ ಬಾಗಿಲಿಂದ ವೇದಿಕೆವರೆಗೆ ಇಳಿಸಿ ಕಟ್ಟಿದಾರೆ. ನಡು ದಾರಿ ಉದ್ದಕ್ಕೂ ಇಳಿಜಾರು.

ನಾನು ಬೆಂಚಲ್ಲಿ ಕೂರ್ತೀನಿ ಅಂದೆ. ಎಲ್ಲ ಕಡೆ ದಾರಿ ನಡುವೆ ಗೂಟದ ಥರ ನಿಂತಿರೋದು ಬೇಜಾರಾಗಿತ್ತು, ಒಂದು ಸಲ ಎಲ್ಲರ ಜೊತೆ ಮರದ ಹಲಗೆ ಮೇಲೆ ಕೂತು ಹಾಡೋಣ ಅಂತ. ಹಿಂದಿನ ಸಾಲುಗಳ ಹತ್ತಿರ ಕುರ್ಚಿ ನಿಲ್ಲಿಸಿ ಸ್ವಿಚ್ ಆಫ್ ಮಾಡಿದೆ. ಆಫ್ ಮಾಡಿದ್ದು ಖಂಡಿತ. ಟಿಕ್ ಅಂತ ಸ್ವಿಚ್ಚಿನ ದೀಪ ಆರಿತು. ವೆಂಡಿ ಎತ್ತಿ ಬೆಂಚಿನ ತುದಿಗೆ ಕೂರಿಸಿದಳು. ಕುರ್ಚಿ ನನ್ನ ಬೆನ್ನ ಹಿಂದೆ. ನನ್ನ ಕತ್ತು ಹಿಂದಕ್ಕೆ ತಿರುಗಲ್ಲ, ನಿನಗೆ ಗೊತ್ತಲ್ಲ. ಮುಕ್ಕಾಲು ಗಂಟೆ ಹಾಡಿದೆವು. ವೆಂಡಿ ನಡುವೆ ಎದ್ದು ಹೋಗಿ ಬಂದಳು, ಹಾಡು ಬರಲ್ಲ ಅವಳಿಗೆ. ನಾನು ಕಣ್ಣು ಮುಚ್ಚಿಕೊಂಡು ಹಾಡಿದೆ. ನಾನಷ್ಟು ಖುಷಿಯಾಗಿ ಇದ್ದದ್ದು ಈ ಊರಿಗೆ ಬಂದ ಮೇಲೆ ಅದೇ ಮೊದಲು.

ಆಮೇಲೆ ನಂಬರ್ ಕೂಗಿದ್ರು. ಹ್ಯಾರ್ಲನ್ ಅಂತ ಒಬ್ಬರು, ಜನರನ್ನ ಸಾಲಾಗಿ ಕಳಿಸ್ತಿದ್ದೋರು, ಬಂದು ಕುರ್ಚಿಯ ಬೆನ್ನು ಹಿಡ್ಕೊಂಡ್ರು. ವೆಂಡಿ ನನ್ನನ್ನ ಎತ್ತಿ ಕೂರಿಸಿದಳು. ನಮ್ಮ ಮನೆಯ ಮಂತ್ರ ನಿನಗೆ ಗೊತ್ತು: ಕೂರು, ಬೆಲ್ಟು, ಸ್ವಿಚ್ಚು. ನಾನು ಕೂತೆ. ವೆಂಡಿ ನನ್ನ ಕೋಟು ತಗೊಳ್ಳೋಕೆ ಬೆಂಚಿನ ಕಡೆ ತಿರುಗಿದಳು. ಮುಂದಿನ ನಂಬರಿನವರು ಎದ್ದರು ಅಂತ ಹ್ಯಾರ್ಲನ್ ಕೈಬಿಟ್ಟರು. ಬೆಲ್ಟು ಇನ್ನೂ ಹಾಕಿರಲಿಲ್ಲ.

ಕುರ್ಚಿ ಹೊರಟಿತು.

ಮೊದಲು ನಿಧಾನಕ್ಕೆ. ಯಾರೋ ತಳ್ತಿದಾರೆ ಅಂದ್ಕೊಂಡು "ವೆಂಡಿ, ತಾಳೇ" ಅಂದೆ. ವೆಂಡಿ ಪಕ್ಕದಲ್ಲಿ ಕೋಟು ಹಿಡಿದು ನಿಂತಿದ್ದಳು, ಅವಳು ಹಿಂದಕ್ಕೆ ಹೋಗ್ತಿದ್ದಳು. ಆಮೇಲೆ ಜೋರು. ಎರಡೂ ಕಡೆ ಬೆಂಚಿನ ಜನ ಎದ್ದು ನನ್ನ ಕಡೆ ತಿರುಗಿದರು, ಮದುವಣಗಿತ್ತಿ ಬಂದಾಗ ತಿರುಗ್ತಾರಲ್ಲ ಹಾಗೆ. ಪಿಯಾನೋ ನಿಲ್ಲಲೇ ಇಲ್ಲ. ನಾನು ಸ್ಟಿಕ್ಕನ್ನ ಹಿಡಿದು ಎಳೆದೆ, ತಳ್ಳಿದೆ, ಏನೇನೋ ಮಾಡಿದೆ. ಏನೂ ಆಗಲಿಲ್ಲ. ಓರ್ಫಾ ಬಾಕೆನ್ ಪಟ್ಟಿಯಿಂದ ತಲೆ ಎತ್ತಿ "ಇನ್ನೂರಾ ಹದಿನಾಲ್ಕಾ?" ಅಂದ್ರು. ಆಮೇಲೆ ಅವರ ಕಾಲು, ಆಮೇಲೆ ಕಟಕಟೆ, ಆಮೇಲೆ ನಾನು ನೆಲದಲ್ಲಿ.

ಅವರ ಪಾದದ ಮೂಳೆ ಬಿರುಕು ಬಿಟ್ಟಿದೆ ಅಮ್ಮ. ಎಪ್ಪತ್ನಾಲ್ಕು ವರ್ಷ. ನಾನು ಅದನ್ನ ಹೇಳದೆ ಮುಗಿಸೋಣ ಅಂತಿದ್ದೆ.

ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲೇ ಅವರು. ಕಾಲಿಗೆ ದೊಡ್ಡ ಬೂಟು ಹಾಕಿದ್ದರು. ನಾನು ಅಳ್ತಾ ಕ್ಷಮಿಸಿ ಕ್ಷಮಿಸಿ ಅಂತಿದ್ದರೆ, "ಸುಮ್ನಿರು ಮಗಾ, ನನ್ನ ಕಡೆ ಇಷ್ಟು ಜೋರಾಗಿ ಓಡಿ ಬಂದೋರು ಯಾರೂ ಇಲ್ಲ, ನನ್ನ ಗಂಡನೂ ಸೇರಿ" ಅಂದ್ರು. ಡಾಕ್ಟರ್ ಕೂಡ ನಕ್ಕರು. ನನಗೆ ನಗೋದಾ ಅಳೋದಾ ಗೊತ್ತಾಗದೆ ಬಿಕ್ಕಳಿಕೆ ಬಂತು. ಹೋಗೋವಾಗ ಕರೆದು ಕಿವಿಯಲ್ಲಿ, "ಅದು ಬರೋವಾಗ ಸದ್ದೇ ಇರಲಿಲ್ಲ ನೋಡು, ಬೆಕ್ಕಿನ ಥರ ಬಂತು" ಅಂದ್ರು. ಆ ಮಾತು ತಲೆಯಲ್ಲೇ ಉಳ್ಕೊಂಡಿದೆ. ನನ್ನ ಕುರ್ಚಿ ಗೊರಗೊರ ಅನ್ನುತ್ತೆ. ಆದ್ರೆ ಪಿಯಾನೋ ಇತ್ತು, ಅವರಿಗೆ ವಯಸ್ಸಾಗಿದೆ, ಕೇಳಿಸದೇ ಇರಬಹುದು. ನನಗೆ ಕೇಳಿಸಿತ್ತಾ? ನೆನಪಿಲ್ಲ.

ಈಗ ನೋಡು ಸಿಕ್ಕು. ಬೆಲ್ಟು ಹಾಕಿರಲಿಲ್ಲ, ಆದ್ದರಿಂದ ಸ್ವಿಚ್ಚೂ ಹಾಕಿರಲಿಲ್ಲ. ನಾನು ಎಂದೂ ಬೆಲ್ಟಿಗಿಂತ ಮುಂಚೆ ಸ್ವಿಚ್ ಮುಟ್ಟಲ್ಲ. ಸ್ವಿಚ್ ಆಫ್ ಇದ್ರೆ ಕುರ್ಚಿ ಬಂಡೆ. ಯಾವ ಇಳಿಜಾರಲ್ಲೂ ಅಲ್ಲಾಡಲ್ಲ, ಅದರ ಬ್ರೇಕು ತಾನಾಗೇ ಹಿಡ್ಕೊಳ್ಳುತ್ತೆ. ಆಗಸ್ಟಿನಲ್ಲಿ ಹೊಸ ಕುರ್ಚಿ ತಗೊಂಡಾಗ ಅಂಗಡಿಯವರು ಹೇಳಿದ್ದರಲ್ಲಿ ನನ್ನ ತಲೆಗೆ ಹೋದದ್ದು ಅದೊಂದೇ. ಆದರೆ ಕುರ್ಚಿ ಹೋಯಿತು. ಅಂದ್ರೆ ಸ್ವಿಚ್ ಆನ್ ಇತ್ತು. ಅಂದ್ರೆ ನಾನೇ ಒತ್ತಿದ್ದೆ, ಒತ್ತಿದ್ದು ನನಗೇ ಗೊತ್ತಿಲ್ಲ. ಜನ ನನ್ನ ಕೈ ಸ್ಟಿಕ್ಕಿನ ಮೇಲೆ ಇದ್ದದ್ದನ್ನ ನೋಡಿದಾರೆ. ಹ್ಯಾರ್ಲನ್ ಹಾಗೇ ಬರೆದುಕೊಟ್ಟಿದಾರೆ. ವೆಂಡಿಯೂ ಹಾಗೇ ಹೇಳಿದಳು, ಅವಳು ನೋಡಿದ್ದೂ ಅದನ್ನೇ. ನನಗೋಸ್ಕರ ಸುಳ್ಳು ಹೇಳು ಅನ್ನೋಕಾಗುತ್ತಾ? (ಈಗ ಅವಳು ತಲೆ ಎತ್ತದೆ ಬರೀತಿದಾಳೆ.) ಕೈ ಅಲ್ಲಿತ್ತು, ನಿಜ. ಕುರ್ಚಿ ಹೊರಟ ಮೇಲೆ ಕೈ ಅಲ್ಲಿಗೆ ಹೋಯ್ತಾ, ಕೈ ಹೋದ ಮೇಲೆ ಕುರ್ಚಿ ಹೊರಟಿತಾ? ಒಂದೊಂದು ಸಲ ಒಂದೊಂದು ಥರ ನೆನಪಾಗುತ್ತೆ. ಮೊನ್ನೆ ಕ್ಲಾಸಲ್ಲಿ ಕಣ್ಣು ಮುಚ್ಚಿ ನೆನೆಸಿಕೊಂಡರೆ ಆ ದೀಪ ಹಸಿರಾಗಿ ಉರೀತಿತ್ತು. ಅದು ನೆನಪೋ, ಅವರು ಹೇಳಿದ್ದು ಕೇಳಿ ಕೇಳಿ ನಾನೇ ಹಚ್ಚಿಕೊಂಡದ್ದೋ?

ಸೋಮವಾರ ಅಂಗಡಿಯಿಂದ ರಿಪೇರಿಯವರು ಬಂದು ನೋಡಿದರು. ಕುರ್ಚಿ ಆಗ ಹಾಸ್ಟೆಲ್ಲಿನ ಸ್ಟೋರ್ ರೂಮಿನಲ್ಲಿತ್ತು, ಈಗಲೂ ಅಲ್ಲೇ ಇದೆ. ಗುರುವಾರದವರೆಗೆ ನನಗೆ ಕೊಡಬಾರದು ಅಂತ ಆರ್ಡರ್. ಎಲ್ಲ ಸರಿ ಇದೆ ಅಂದರು. ಮೋಟರು ಸರಿ, ಬ್ರೇಕು ಸರಿ, ಸ್ಟಿಕ್ ಸರಿ. ಹಿಂದಿನ ಗಾಲಿಗಳ ಹತ್ತಿರದ ಕೆಂಪು ಹಿಡಿಕೆಗಳು ಎರಡೂ ಮೇಲಕ್ಕಿದ್ದವಂತೆ. ಕೈಯಲ್ಲಿ ತಳ್ಳಬೇಕಾದರೆ ಅವನ್ನ ಎತ್ತಬೇಕು, ಚರ್ಚಿನಿಂದ ಇಲ್ಲಿಗೆ ಜನ ತಳ್ಳಿಕೊಂಡೇ ತಂದದ್ದು, ಅದರಲ್ಲಿ ವಿಶೇಷ ಏನೂ ಇಲ್ಲ. ಹಿಡಿಕೆ ಇಳಿಸಿ ಹೋದರು. ಮಿಸ್ ರೆನರ್ ಫಾರಂನಲ್ಲಿ ಒಂದು ಪ್ರಶ್ನೆ ಇತ್ತು: ಅಪಘಾತಕ್ಕೆ ಮುಂಚೆ ಕುರ್ಚಿಯನ್ನು ಯಾರಾದರೂ ಸರಿಸಿದ್ದರೇ? ಇಲ್ಲ ಅಂದೆ. ಮುಕ್ಕಾಲು ಗಂಟೆ ನನ್ನ ಬೆನ್ನ ಹಿಂದೆಯೇ ಇತ್ತು. ಆ ಒಂದು ಉತ್ತರ ಮಾತ್ರ ನಾನು ಯೋಚಿಸದೆ ಕೊಟ್ಟೆ.

ಅಂದ್ರೆ ಮೆಷಿನ್ ಸರಿ. ಉಳಿದದ್ದು ನಾನು.

ಇವತ್ತು ಇನ್ನೊಂದು ತಪ್ಪು ಒಪ್ಪಿಕೊಳ್ತೀನಿ. ಆಗಸ್ಟಿನಲ್ಲಿ ಅಂಗಡಿಯವರು ಅರ್ಧ ದಿನ ಕೂರಿಸಿ ಹೇಗೆ ಓಡಿಸಬೇಕು, ಏನೇನು ಜೋಪಾನ ಅಂತ ಹೇಳಿಕೊಟ್ಟರಲ್ಲ, ನೀನು ನೀಲಿ ನೋಟ್‌ಬುಕ್ಕಿನಲ್ಲಿ ಎಲ್ಲ ಬರ್ಕೊಂಡೆ. ನಾನು ಗೋಡೆ ಮೇಲಿನ ಬಣ್ಣದ ಚಾರ್ಟ್ ನೋಡ್ತಿದ್ದೆ. ನೇರಳೆಯಾ ಕಡುಹಸಿರಾ ಅಂತ ಯೋಚಿಸ್ತಿದ್ದೆ. ಹನ್ನೊಂದನೇ ವರ್ಷದಿಂದ ಹಾಸ್ಟೆಲ್ ಶಾಲೆಯಲ್ಲಿ ಬೆಳೆದವಳು ನಾನು. ಗಂಟೆ ಹೊಡೆದರೆ ಸ್ನಾನ, ಗಂಟೆ ಹೊಡೆದರೆ ಊಟ, ಬೆಳಿಗ್ಗೆ ಕಣ್ಣು ಬಿಡೋವಷ್ಟರಲ್ಲಿ ಕುರ್ಚಿ ಮಂಚದ ಪಕ್ಕ. ಅದು ಅಲ್ಲಿಗೆ ಹೇಗೆ ಬರುತ್ತೆ ಅಂತ ಕೇಳಿದವಳೇ ಅಲ್ಲ. ಮತ್ತೆ ಆ ನೋಟ್‌ಬುಕ್. ನೀನು ತಗೊಂಡು ಹೋಗು ಅಂದೆ, ನಾನು ಬ್ಯಾಗಿಗೆ ಹಾಕ್ಕೊಂಡೆ ಅಂತ ಹೇಳಿದೆ. ಇಲ್ಲ. ಕಾರಿನ ಸೀಟಿನ ಕೆಳಗೆ ತಳ್ಳಿ ಬಂದೆ. ಹೊಸ ಜಾಗಕ್ಕೆ ಅಮ್ಮನ ಅಕ್ಷರದ ನೋಟ್‌ಬುಕ್ ಹಿಡ್ಕೊಂಡು ಹೋಗೋಕೆ ನಾಚಿಕೆಯಾಯ್ತು. ನನಗೆ ಎಲ್ಲ ಗೊತ್ತಿದೆ ಅನ್ನೋ ಥರ ಇದ್ದೆ. ಇಲ್ಲಿ ಎಲ್ಲರಿಗೂ ಎಲ್ಲ ಗೊತ್ತಿರೋ ಥರ ಕಾಣುತ್ತೆ ಅಮ್ಮ. ಬಟ್ಟೆ ಒಗೆಯೋ ಮೆಷಿನ್‌ಗೆ ಎಷ್ಟು ಸೋಪು ಹಾಕಬೇಕು ಅಂತ ಕೂಡ ಹುಟ್ಟಿದಾಗಿಂದ ಗೊತ್ತಿರೋ ಥರ.

ಸೆಪ್ಟೆಂಬರಿನಲ್ಲಿ ಫೈರ್ ಡ್ರಿಲ್ ಇತ್ತು. ಬೆಂಕಿ ಬಿದ್ದು ಬ್ಯಾಟರಿ ಕೈಕೊಟ್ಟರೆ ನನ್ನನ್ನ ಹೇಗೆ ಹೊರಗೆ ತಳ್ಳಬೇಕು ಅಂತ ವೆಂಡಿಗೆ ನಾನೇ ಪಾಠ ಮಾಡಿದೆ. "ಆ ಎರಡು ಕೆಂಪು ಹಿಡಿಕೆ ಎತ್ತು, ತಳ್ಳು, ಅಷ್ಟೇ" ಅಂತ ಟೀಚರ್ ಥರ ಹೇಳಿದೆ. ನನಗೆ ಅವುಗಳ ಬಗ್ಗೆ ಗೊತ್ತಿದ್ದದ್ದೂ ಅಷ್ಟೇ. ನನ್ನ ಕೈ ಅಲ್ಲಿಗೆ ಎಟುಕೋದೇ ಇಲ್ಲ.

ಈಗ ಕಾಲೇಜಿನ ಹಳೇ ತಳ್ಳೋ ಕುರ್ಚಿಯಲ್ಲಿ ಇದ್ದೀನಿ. ವೆಂಡಿ ತಳ್ತಾಳೆ. ಅವಳು ತನ್ನ ಫ್ರೆಂಡ್ಸ್ ಜೊತೆ ಮಾತಾಡ್ತಾ ನಿಂತರೆ ನಾನು ಗೋಡೆ ನೋಡ್ತಾ ನಿಂತಿರ್ತೀನಿ. ಅವಳ ತಪ್ಪಲ್ಲ. ಬೆನ್ನ ಹಿಂದೆ ಏನಿದೆ ಅಂತ ಗೊತ್ತಿಲ್ಲದೆ ಬದುಕೋದು ಹೇಗಿರುತ್ತೆ ಅಂತ ಈಗ ಅರ್ಥ ಆಗ್ತಿದೆ. ಹೋದ ಮಂಗಳವಾರ ನನಗೆ ಕಾಫಿ ಬೇಕಿತ್ತು, ಹತ್ತು ಹೆಜ್ಜೆ ದೂರ. ಬೇಡ ಅಂತ ಬಿಟ್ಟುಬಿಟ್ಟೆ, ಕೇಳೋಕೆ ಬೇಜಾರಾಗಿ.

ಬೆಳಿಗ್ಗೆ ಏಳೋವಾಗ ಮನೆ ನೆನಪಾಗುತ್ತೆ. ಮಲಗೋ ಮುಂಚೆ ನೀನು ಕುರ್ಚಿಯನ್ನ (ಆಗ ಹಳೇ ಮೋಟರ್ ಕುರ್ಚಿ) ಕೈಯಲ್ಲೇ ತಳ್ಳಿ ಚಾರ್ಜಿಗೆ ಹಾಕ್ತಿದ್ದೆ, ಮೋಟರಿನಲ್ಲಿ ಓಡಿಸಿದ್ರೆ ಅಡಿಗೆಮನೆ ನೆಲ ಗೀರು ಬೀಳುತ್ತೆ ಅಂತ. ಬೆಳಿಗ್ಗೆ ಮತ್ತೆ ತಳ್ಳಿಕೊಂಡು ತಂದು ಮಂಚದ ಪಕ್ಕ ನಿಲ್ಲಿಸಿ ಬಗ್ಗಿ ಏನೋ ಮಾಡ್ತಿದ್ದೆ. ಎರಡು ಸಲ ಟಕ್, ಟಕ್ ಅಂತ ಕೇಳಿಸ್ತಿತ್ತು. ಆಮೇಲೆ ಎದ್ದು ಕುರ್ಚಿಯ ಬೆನ್ನು ತಟ್ಟಿ, "ಹ್ಞಾಂ, ನಿಂತಿದಾಳೆ. ಈಗ ಬಾರಮ್ಮ" ಅಂತಿದ್ದೆ. ಅಪ್ಪ ಟ್ರಕ್ ಹತ್ತೋ ಮುಂಚೆ ಟೈರಿಗೆ ಒದೀತಾರಲ್ಲ, ಹಾಗೆ ಅದು ನಿನ್ನ ಅಭ್ಯಾಸ ಅಂದ್ಕೊಂಡಿದ್ದೆ. ಏಳು ಗಂಟೆಯ ನನ್ನ ಅಲಾರಂ ಅದು. ಆ ಟಕ್ ಟಕ್ ಕೇಳಿದ್ರೆ ದಿನ ಶುರು.

ವೆಂಡಿ ಪೆನ್ನು ನಿಲ್ಲಿಸಿದಾಳೆ. ಏನೇ ಅಂದ್ರೆ ಏನಿಲ್ಲ ಅಂತಾಳೆ. "ಎಷ್ಟು ಸಲ ಅಂದೆ?" ಅಂತ ಕೇಳಿದಳು. ಎರಡು ಅಂದೆ. "ಎರಡೂ ಒಂದೇ ಕಡೆಯಿಂದಾ, ಎರಡು ಕಡೆಯಿಂದಾ?" ಅಂತ ಕೇಳಿದಳು. ನನಗೇನು ಗೊತ್ತು, ನಿದ್ದೆಗಣ್ಣು. ಒಂದು ಈ ಕಡೆ ಒಂದು ಆ ಕಡೆ ಇರಬೇಕು. ಕೈ ನೋಯ್ತಿದೆ, ಕಾಫಿ ತರ್ತೀನಿ ಅಂತ ಎದ್ದಳು.

ಮುಕ್ಕಾಲು ಗಂಟೆ ಆದ ಮೇಲೆ ಬಂದಳು. ಕಾಫಿ ತಂದಿಲ್ಲ. ಮೊಣಕಾಲಿಗೆಲ್ಲ ಧೂಳು. ಎಲ್ಲಿಗೆ ಹೋಗಿದ್ದೆ ಅಂದ್ರೆ "ಬರಿ ಅಂದಿದ್ದು ಬರೀತೀನಿ, ಹೇಳು ಮುಂದಕ್ಕೆ" ಅಂತಾಳೆ. ಈ ಜರ್ಮನ್ ಜನಕ್ಕೆ ಸಿಟ್ಟು ಯಾವಾಗ ಬರುತ್ತೆ ಅಂತಲೇ ಗೊತ್ತಾಗಲ್ಲ. ಮುಗಿಸಿಬಿಡ್ತೀನಿ.

ಅಮ್ಮ, ನಿನ್ನನ್ನ ಕೇಳೋದು ಒಂದೇ. ಸಣ್ಣವಳಿದ್ದಾಗಿಂದ ನನ್ನ ಕೈ ನೋಡಿದೀಯ. ಬಾಗಿಲು ಜೋರಾಗಿ ಬಡಿದರೆ ಹಾರುತ್ತೆ, ಚಮಚ ಎಸೆಯುತ್ತೆ, ಗೊತ್ತು. ಆದರೆ ನನಗೇ ಗೊತ್ತಿಲ್ಲದ ಹಾಗೆ, ಮೆತ್ತಗೆ ಹೋಗಿ ಒಂದು ಸ್ವಿಚ್ ಒತ್ತಿ, ಸ್ಟಿಕ್ ಹಿಡಿದು ನೆಟ್ಟಗೆ ತಳ್ಳುತ್ತಾ? ಅಷ್ಟು ನೆಟ್ಟಗೆ ಅದು ನಾನು ಹೇಳಿದಾಗಲೂ ಕೆಲಸ ಮಾಡಲ್ಲ! ಇದನ್ನ ಮಿಸ್ ರೆನರ್‌ಗೆ ಹೇಳಿದೆ. ಅವರು ಪೆನ್ಸಿಲ್ ಸರಿ ಮಾಡಿ, "ಸಿಗ್ರಿಡ್, ನಿನಗೆ ನಿನ್ನ ಕೈ ಮೇಲೆ ಪೂರ್ತಿ ನಂಬಿಕೆ ಇದೆಯಾ?" ಅಂದ್ರು. ಪೂರ್ತಿ ಇದೆ ಅಂತ ಇಲ್ಲಿ ಯಾರಿಗಾದರೂ ಹೇಳೋಕಾಗುತ್ತಾ?

ಸಹಿ ಹಾಕೋದು ಅಂತ ತೀರ್ಮಾನ ಮಾಡಿದೀನಿ. ಇನ್ನೊಂದು ಸಲ ಇನ್ನೊಬ್ಬ ಓರ್ಫಾ ಎದುರಿಗೆ ಸಿಕ್ಕರೆ? ಮಗು ಸಿಕ್ಕರೆ? ಕಾರಣ ಗೊತ್ತಿಲ್ಲದೆ ಆ ಕುರ್ಚಿಯಲ್ಲಿ ಮತ್ತೆ ಕೂರೋಕೆ ನನಗೇ ಭಯ. ಎರಡು ದಿನದಿಂದ ಎಡಗೈಯಲ್ಲಿ ಸಹಿ ಅಭ್ಯಾಸ ಮಾಡ್ತಿದೀನಿ. ಒಂದನೇ ಕ್ಲಾಸಿನ ಮಗು ಬರೆದ ಹಾಗಿದೆ, ಆದ್ರೂ ಸಹಿ ಸಹಿಯೇ ಅಂತೆ. ನೀನು ಬೇರೆ ಏನಾದರೂ ಹೇಳೋದಿದ್ದರೆ ಗುರುವಾರ ಹತ್ತು ಗಂಟೆಗೆ ಮುಂಚೆ ಹೇಳು. ಇಲ್ಲದಿದ್ದರೆ ಕ್ರಿಸ್‌ಮಸ್‌ಗೆ ನನ್ನ ಕೋಣೆಯಿಂದ ಹೊಲಿಗೆ ಮೆಷಿನ್ ತೆಗೆದಿಡು.

ಅಪ್ಪನಿಗೆ ಕಾಲಿನ ವಿಷಯ ಈಗಲೇ ಹೇಳಬೇಡ. ಓರ್ಫಾಳ ಕಾಲು. ನನ್ನ ಕೈಯ ವಿಷಯ ಹೇಳು.

ನಿನ್ನ, ಬಿದ್ದ ಮಗಳು,
ಸಿಗ್ಗಿ

ತಾ.ಕ.: ಶ್ರೀಮತಿ ಟಾಲೆಫ್ಸನ್ ಅವರಿಗೆ. ಇದು ವೆಂಡಿ, ಈಗ ನನ್ನದೇ ಮಾತು. ಒಪ್ಪಂದ ಮುರಿದೆ. ಸಿಗ್ಗಿ ಕಿಟಕಿ ಹತ್ತಿರ ಬೆನ್ನು ಮಾಡಿ ಕೂತಿದಾಳೆ, ನಾನು ವಿಳಾಸ ಬರೀತಿದೀನಿ ಅಂದ್ಕೊಂಡಿದಾಳೆ.

ಕುರ್ಚಿ ಸರಿಸಿದ್ದು ನಾನು. ಅವಳು ಕಣ್ಣು ಮುಚ್ಚಿ ಹಾಡ್ತಿದ್ದಾಗ ಹ್ಯಾರ್ಲನ್ ಬಂದು, ನಡು ದಾರಿ ಬಿಡಿಸಮ್ಮ, ಜನ ಎಡವ್ತಾರೆ ಅಂದರು. ಕೆಂಪು ಹಿಡಿಕೆ ಎತ್ತಿ, ತಳ್ಳಿ, ಕೋಟು ನೇತುಹಾಕೋ ಜಾಗದಲ್ಲಿ ನಿಲ್ಲಿಸಿದೆ. ಅಲ್ಲಿ ನೆಲ ಮಟ್ಟ. ನಂಬರ್ ಕೂಗಿದಾಗ ವಾಪಸ್ ತಂದು ಇದ್ದ ಕಡೆಯೇ ಹಿಡಿದು ನಿಲ್ಲಿಸಿ ಹ್ಯಾರ್ಲನ್ ಕೈಗೆ ಕೊಟ್ಟೆ. ಹಿಡಿಕೆ ಇಳಿಸಲಿಲ್ಲ. ಇಳಿಸಬೇಕು ಅಂತ ಗೊತ್ತೇ ಇರಲಿಲ್ಲ. ಆಫೀಸಿನಲ್ಲಿ ನನ್ನನ್ನ ಕೇಳಿದ್ದು ಅವಳ ಕೈ ಎಲ್ಲಿತ್ತು ಅಂತ ಮಾತ್ರ. ಕುರ್ಚಿ ಸರಿಸಿದ್ದು ನನಗೆ ಒಂದು ವಿಷಯ ಅಂತಲೇ ಅನ್ನಿಸಿರಲಿಲ್ಲ. ಊಟಕ್ಕೆ ಹೋದ ಕಡೆ ಎಲ್ಲರೂ ಕುರ್ಚಿ ಸರಿಸ್ತಾರೆ.

ಇವತ್ತು ಅವಳು ನಿಮ್ಮ ಟಕ್ ಟಕ್ ಹೇಳಿದಾಗ ಕೈ ನಿಂತುಹೋಯ್ತು. ಸ್ಟೋರ್ ರೂಮಿಗೆ ಹೋದೆ. ಒಂದು ಹಲಗೆ ಇಟ್ಟು ಇಳಿಜಾರು ಮಾಡಿದೆ. ಹಿಡಿಕೆ ಇಳಿಸಿದ್ರೆ ಟಕ್, ಆ ಕಡೆ ಟಕ್, ಭುಜ ಕೊಟ್ಟು ತಳ್ಳಿದ್ರೂ ಅಲ್ಲಾಡಲ್ಲ. ಎತ್ತಿದ್ರೆ, ಸ್ವಿಚ್ ಆಫ್ ಇದ್ದರೂ ಒಂದು ಬೆರಳಿಗೆ ಹೋಗುತ್ತೆ. ಸದ್ದಿಲ್ಲದೆ. ಬೆಕ್ಕಿನ ಥರ. ಹಿಡಿಕೆ ಎತ್ತಿದಾಗ ಬ್ರೇಕೇ ಇರಲ್ಲ ಅದಕ್ಕೆ. ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನ ನ್ಯೂಟ್ರಲ್‌ನಲ್ಲಿ ಬಿಟ್ಟು ಇಳಿದಿದ್ರೆ ನಮ್ಮಪ್ಪ ನನ್ನನ್ನ ಮನೆಯೊಳಗೆ ಸೇರಿಸ್ತಿರಲಿಲ್ಲ. ನಾನು ಅದನ್ನ ಕುರ್ಚಿ ಅಂದ್ಕೊಂಡೆ. ಅದು ಗಾಡಿ.

ನಾಳೆ ಬೆಳಿಗ್ಗೆ ಎಂಟಕ್ಕೆ ಮಿಸ್ ರೆನರ್ ಬಾಗಿಲ ಮುಂದೆ ಇರ್ತೀನಿ, ಹ್ಯಾರ್ಲನ್‌ನ ಎಳ್ಕೊಂಡು. ಓರ್ಫಾ ಬಾಕೆನ್ ಮನೆಗೂ ಹೋಗ್ತೀನಿ. ಈಗ ಇದನ್ನ ಸಿಗ್ಗಿಗೆ ಓದಿ ಹೇಳ್ತೀನಿ. ಅವಳು ಎಡಗೈಗೆ ಸಿಕ್ಕಿದ್ದನ್ನ ಎಸೆದರೆ ಎಸೀಲಿ. ಆಗಸ್ಟಿನಲ್ಲಿ ಬೂಟು ಬಿಚ್ಚದಿದ್ದಕ್ಕೂ ಕ್ಷಮಿಸಿ.
ವೆಂಡಿ ಕ್ರೌಸ್

ಅಮ್ಮ ಇದು ಎಡಗೈ. ಓದೋಕಾಗುತ್ತಾ. ಎಸೆದೆ. ದಿಂಬು. ಸಹಿ ಹಾಕಲ್ಲ. ಏಳು ವರ್ಷ ರಜೆಗೆ ಬಂದಾಗೆಲ್ಲ ದಿನಾ ಬೆಳಿಗ್ಗೆ ನೀನು ಅದನ್ನೇ ಮಾಡ್ತಿದ್ದೆಯಾ. ಯಾಕೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ನೋಟ್‌ಬುಕ್ ಸೀಟಿನ ಕೆಳಗಿದೆ. ಕಳಿಸು. ಇನ್ಮೇಲೆ ಹಿಂದೆ ಯಾರು ಕೈ ಹಾಕಿದ್ರೂ ಎರಡು ಟಕ್ ಕೇಳೋವರೆಗೆ ಕೂರಲ್ಲ. ಸಿ.